ಸುಕುಮಾರನ ತಲೆ

ಕಿಟ್ಟಣ್ಣನಿಗೆ ಗೊತ್ತಿಲ್ಲದ ವಿಷಯ ಮೊಗ್ರಾಲಿನಲ್ಲಿ ಯಾವುದೂ ಇರಲಿಲ್ಲ. ಹಾಗೆಂದು ಹೇಳುತ್ತಿದ್ದವನೂ ಕಿಟ್ಟಣ್ಣನೇ. ಬಲೆ ಯಾವಾಗ ಬೀಸಬೇಕೆಂದು ದೋಣಿಯವರಿಗೆ, ಮದರಾಸಿನ ಸರಕಾರ ಹೇಗೆ ನಡೆಯಬೇಕೆಂದು ಪೋಸ್ಟ್ ಮಾಸ್ತರರಿಗೆ, ಹೆರಿಗೆ ಹೇಗೆ ಮಾಡಿಸಬೇಕೆಂದು ಸೂಲಗಿತ್ತಿಗೆ ಅವನು ಹೇಳಿಕೊಡುತ್ತಿದ್ದ. ಅವನ ಬಟ್ಟೆ ಅಂಗಡಿ ಮಾರ್ಗದ ಬದಿಯಲ್ಲೇ ಇದ್ದುದರಿಂದ ಕೇಳುವವರಿಗೆ ಬರವಿರಲಿಲ್ಲ. ತಮ್ಮ ಪುರುಷೋತ್ತಮ ಅದೇ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಬಟ್ಟೆ ಅಳೆಯುತ್ತಿದ್ದ, ಅಣ್ಣ ಮಾತಾಡಿದಾಗ ತಲೆಯಾಡಿಸುತ್ತಿದ್ದ.

ಪುರುಷೋತ್ತಮನ ಹೆಂಡತಿ ಜಲಜಾಕ್ಷಿ ಊರಿನ ಕನ್ನಡ ಶಾಲೆಯಲ್ಲಿ ಟೀಚರು. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅವಳು ಭಾವನ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿದ್ದಳು. ಗಂಡನ ಬಗ್ಗೆ ತೀರ್ಮಾನಿಸಲು ಇನ್ನೊಂದು ವಾರ ಬೇಕಾಯಿತು. ಆ ಮೇಲೆ ಎರಡನ್ನೂ ಬದಲಿಸುವ ಪ್ರಸಂಗ ಬಂದಿರಲಿಲ್ಲ.

ಸ್ವಾತಂತ್ರ್ಯ ಬಂದು ಎರಡು ಮಳೆಗಾಲ ಕಳೆದ ಮೇಲೆ ಅವಳಿಗೆ ಗಂಡು ಮಗುವಾಯಿತು. ಗಂಡಾದರೆ ಸುಕುಮಾರ ಎಂಬ ಹೆಸರನ್ನು ಅವಳು ಮೊದಲೇ ಆರಿಸಿ ಇಟ್ಟಿದ್ದಳು. ಮುಖವೇನೋ ಹೆಸರಿಗೆ ತಕ್ಕಂತೆ ಇತ್ತು. ಸೂಲಗಿತ್ತಿ ಮಗುವನ್ನು ಮಗುಚಿ ಹಾಕಿ ಮೈ ಒರೆಸಲು ಹೊರಟವಳು ಕೈಯ ಬಟ್ಟೆಯನ್ನು ಕೆಳಗಿಟ್ಟಳು. ಸೊಂಟದ ಮೇಲೆ, ಬೆನ್ನುಮೂಳೆಯ ನಡುವೆ, ಸಣ್ಣ ಕಿತ್ತಳೆಯಷ್ಟು ಗಾತ್ರದ ಒಂದು ಊತವಿತ್ತು. ಅದರ ಮೇಲಿನ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. ಕಾಲುಗಳು ಇದ್ದವು, ಆದರೆ ಚಿವುಟಿದರೂ ಅಲುಗುತ್ತಿರಲಿಲ್ಲ. ಮೂತ್ರ ನಿಲ್ಲದೆ ತೊಟ್ಟಿಕ್ಕುತ್ತಿತ್ತು.

ಕಿಟ್ಟಣ್ಣ ಘಟ್ಟದ ಬುಡದಿಂದ ಒಬ್ಬ ಜೋಯಿಸನನ್ನು ಕರೆಸಿ ಪ್ರಶ್ನೆ ಇಡಿಸಿದ. ಜೋಯಿಸ ಕವಡೆ ಹರಡಿ, ಬಹಳ ಹೊತ್ತು ಕಣ್ಣುಮುಚ್ಚಿ, ಇದು ನಾಗದೋಷ, ಅದೂ ತಾಯಿಯ ಕಡೆಯಿಂದ ಬಂದದ್ದು ಎಂದು ಕಂಡುಹಿಡಿದ. ಪ್ರಶ್ನೆ ಇಡಿಸಿದವನು ತಂದೆಯ ಕಡೆಯವನಾಗಿದ್ದುದರಿಂದ ಜಲಜಾಕ್ಷಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮ ತವರಿನ ಜಾಗದಲ್ಲಿ ಹಾವು ಬಂದರೆ ಮಲಗುವುದಕ್ಕೂ ತಾವಿಲ್ಲ, ಇನ್ನು ದೋಷ ಎಲ್ಲಿಂದ ಎಂದು ಅವಳು ಬಾಗಿಲ ಹಿಂದಿನಿಂದ ಕೇಳಿದಳು. ಬಾಣಂತಿಗೆ ಇಷ್ಟು ಬಾಯಿ ಇರುವುದೇ ದೋಷಕ್ಕೆ ಸಾಕ್ಷಿ ಎಂದು ಜೋಯಿಸ ಹೇಳಿ, ತಾಂಬೂಲ ತೆಗೆದುಕೊಂಡು ಹೋದ.

ಮಗುವನ್ನು ಅಕ್ಕಿಮುಡಿ ಇಡುವ ಒಳಕೋಣೆಯಲ್ಲಿ ಮಲಗಿಸಲಾಯಿತು. ಅಂಗಡಿಗೆ ಬರುವ ನಾಲ್ಕು ಜನ ನೋಡಬಾರದು ಎಂದು ಕಿಟ್ಟಣ್ಣನ ಅಪ್ಪಣೆ. ಆದರೂ ಅವನ ಹೆಂಡತಿ ಹರಿಣಾಕ್ಷಿ ನೆರೆಯ ಹೆಂಗಸರನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಬಿಡುತ್ತಿದ್ದಳು. ಬಂದವರೆಲ್ಲ ಮೊದಲು ಬಟ್ಟೆ ಸರಿಸಿ ಬೆನ್ನು ನೋಡುತ್ತಿದ್ದರು, ಆಮೇಲೆ "ಪಾಪ" ಎನ್ನುತ್ತಿದ್ದರು. ಆ ಪಾಪದ ಹಿಂದೆ ಎಷ್ಟು ಸಂತೋಷ ಇದೆ ಎಂಬುದು ಜಲಜಾಕ್ಷಿಗೆ ಅವರ ನಡಿಗೆಯಿಂದಲೇ ತಿಳಿಯುತ್ತಿತ್ತು. ಮನೆಗೆ ಮರಳುವಾಗ ಅವರು ಬಂದದ್ದಕ್ಕಿಂತ ಚುರುಕಾಗಿ ನಡೆಯುತ್ತಿದ್ದರು.

ಮಗುವಿಗೆ ಐದು ತಿಂಗಳಾಗುವಷ್ಟರಲ್ಲಿ ತಲೆ ಬೆಳೆಯತೊಡಗಿತು. ಮೈಯೆಲ್ಲ ಹಾಗೇ ಇದ್ದು ತಲೆ ಮಾತ್ರ ದಪ್ಪಗಾಗುತ್ತ ಹೋಯಿತು. ನೆತ್ತಿ ಉಬ್ಬಿ ಬಿಗಿಯಾಯಿತು, ಹಣೆಯ ನರಗಳು ನೀಲಿಯಾಗಿ ಎದ್ದವು, ಕಣ್ಣಿನ ಕರಿಗುಡ್ಡೆಗಳು ಕೆಳಕ್ಕೆ ಇಳಿದು ಮೇಲೆ ಬಿಳಿ ಕಾಣತೊಡಗಿತು. ಕಿಟ್ಟಣ್ಣ ಇನ್ನೊಂದು ಪ್ರಶ್ನೆಗೆ ದಿನ ನೋಡುತ್ತಿದ್ದಾಗ ಜಲಜಾಕ್ಷಿ ಮಗುವನ್ನು ಎತ್ತಿಕೊಂಡು, ಗಂಡನನ್ನು ಹಿಂದೆ ಕಟ್ಟಿಕೊಂಡು, ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಹೋದಳು.

ಅಲ್ಲಿನ ದೊಡ್ಡ ಆಸ್ಪತ್ರೆಯ ದೊಡ್ಡ ಡಾಕ್ಟರು ವೆಂಕಟಕೃಷ್ಣರು ವಿಲಾಯತಿಯಲ್ಲಿ ಕಲಿತು ಬಂದವರು. ಅವರು ಮಾತಾಡಿದ್ದು ಪುರುಷೋತ್ತಮನೊಂದಿಗೆ, ಅದೂ ಇಂಗ್ಲಿಷಿನಲ್ಲಿ. ಪುರುಷೋತ್ತಮನಿಗೆ ಬರುತ್ತಿದ್ದ ಇಂಗ್ಲಿಷೆಂದರೆ ಮಿಲ್ಲಿನ ಬಟ್ಟೆಯ ಅಂಚಿನಲ್ಲಿ ಒತ್ತಿರುವ ಅಕ್ಷರಗಳು. ಅವನು ತಲೆಯಾಡಿಸಿದ. ಅಷ್ಟಿಷ್ಟು ಅರ್ಥವಾಗುತ್ತಿದ್ದ ಜಲಜಾಕ್ಷಿಯನ್ನು ಡಾಕ್ಟರು ಮಗುವನ್ನು ಹಿಡಿದುಕೊಳ್ಳುವ ಒಂದು ಸ್ಟ್ಯಾಂಡಿನಂತೆ ಆಚೆ ಈಚೆ ಸರಿಸುತ್ತಿದ್ದರು.

ಬೆನ್ನನ್ನು ನೋಡಿ, ತಲೆಗೆ ಟೇಪು ಸುತ್ತಿ ಅಳೆದ ಮೇಲೆ ಅವರ ಮುಖ ಅರಳಿತು. ಮಗುವನ್ನು ಒಂದು ಕೋಣೆಗೆ ತರಲು ಹೇಳಿದರು. ಕಿಟಕಿಗಳಿಗೆ ಕಪ್ಪು ಬಟ್ಟೆ ಎಳೆದಿದ್ದರು. ಕಿರಿಯ ಡಾಕ್ಟರರು, ನರ್ಸು ಕೆಲಸ ಕಲಿಯುವ ಹುಡುಗಿಯರು ಗೋಡೆಗೆ ಒತ್ತಿ ನಿಂತಿದ್ದರು. ಡಾಕ್ಟರು ಟಾರ್ಚನ್ನು ಮಗುವಿನ ತಲೆಯ ಹಿಂಬದಿಗೆ ಒತ್ತಿ ಹಿಡಿದರು. ಕತ್ತಲೆಯಲ್ಲಿ ಆ ತಲೆ ಇಡೀ ಕೆಂಪಗೆ ಬೆಳಗಿತು, ದೀಪಾವಳಿಗೆ ತೂಗುಹಾಕುವ ಗೂಡುದೀಪದ ಹಾಗೆ. ಹುಡುಗಿಯರಲ್ಲಿ ಯಾರೋ ಉಸಿರೆಳೆದುಕೊಂಡರು. ಡಾಕ್ಟರು ಹಾಡುಗಾರನಂತೆ ಒಂದು ಕ್ಷಣ ನಿಲ್ಲಿಸಿ, ಆಮೇಲೆ ವಿವರಿಸಿದರು. ಇಂಥ ಮಕ್ಕಳ ಬೆನ್ನಿನ ಗಂಟು ಅರ್ಧ ಕತೆ ಮಾತ್ರ. ಉಳಿದರ್ಧ ತಲೆಯೊಳಗೆ ಇದೆ. ಮಿದುಳಿನ ಹಿಂಭಾಗ ಇರಬೇಕಾದ ಜಾಗದಲ್ಲಿ ಇರದೆ ಕೆಳಕ್ಕೆ, ಕುತ್ತಿಗೆಯ ಮೂಳೆಗಳ ಒಳಗೆ ಇಳಿದುಬಿಟ್ಟಿರುತ್ತದೆ. ಮಿದುಳಿನ ನೀರು ಹರಿಯುವ ದಾರಿ ಅಲ್ಲಿ ಮುಚ್ಚುತ್ತದೆ. ನೀರು ಒಳಗೇ ತುಂಬಿ ಮಿದುಳನ್ನು ಬುರುಡೆಗೆ ಒತ್ತಿ ಒತ್ತಿ ಕಾಗದದಷ್ಟು ತೆಳ್ಳಗೆ ಮಾಡುತ್ತದೆ. ಬೆಳಕು ಹಾದುಹೋಗುವುದು ಅದಕ್ಕೇ.

ಜಲಜಾಕ್ಷಿಗೆ ಅದು ಅರ್ಥವಾಯಿತು. ಮಗು ಹುಟ್ಟಿದ ಮೇಲೆ ಅವಳ ಕಿವಿಗೆ ಬಿದ್ದ ಮೊದಲ ಮರ್ಯಾದೆಯ ಮಾತು ಅದು. ಹಾವಿಲ್ಲ, ಶಾಪವಿಲ್ಲ, ನೀರು ಮತ್ತು ದಾರಿ. ಡಾಕ್ಟರು ಅಲ್ಲಿಗೆ ನಿಲ್ಲಿಸಿದ್ದರೆ ಅವಳು ಅವರಿಗೆ ಕೈಮುಗಿಯುತ್ತಿದ್ದಳೋ ಏನೋ. ಅವರು ನಿಲ್ಲಿಸಲಿಲ್ಲ. ಈ ನೀರನ್ನು ತೆಗೆಯುವ ಉಪಾಯ ಇನ್ನೂ ಎಲ್ಲಿಯೂ ಸರಿಯಾಗಿ ಕೈಗೂಡಿಲ್ಲ ಎಂದರು. ಆಮೇಲೆ ಅವಳ ಕಡೆ ತಿರುಗಿ, ಎಳೆಯ ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಕನ್ನಡದಲ್ಲಿ ಹೇಳಿದರು:

"ನೋಡಮ್ಮ, ಇದಕ್ಕೆ ನಿನ್ನ ಗುರುತು ಹತ್ತುವುದಿಲ್ಲ. ಮನಸ್ಸೆಂಬುದು ಇದರೊಳಗೆ ಇಲ್ಲ. ನೀನು ಆಸೆ ಇಟ್ಟುಕೊಳ್ಳಬೇಡ."

"ಓ ಸುಕು," ಎಂದಳು ಜಲಜಾಕ್ಷಿ, ದಿನವೂ ಕರೆಯುವ ಹಾಗೆ.

ಕತ್ತಲೆಯಲ್ಲಿ ಮಗು ಕಣ್ಣು ಹೊರಳಿಸಿ ಅವಳನ್ನು ಹುಡುಕಿತು. ಎರಡೂ ಕೈ ಬಡಿದು ಗಂಟಲಿನಲ್ಲಿ ಒಂದು ಸದ್ದು ಮಾಡಿತು.

"ಅದು ರಿಫ್ಲೆಕ್ಸ್," ಎಂದರು ಡಾಕ್ಟರು.

"ಹಾಗೆಂದರೆ ಎಂತ?"

"ಯೋಚನೆ ಇಲ್ಲದೆ ತಾನಾಗಿ ಆಗುವ ಅಲುಗಾಟ."

ಪಕ್ಕದಲ್ಲಿ ನಿಂತ ಗಂಡನ ತಲೆ ಮೇಲೆ ಕೆಳಗೆ ಆಡುತ್ತಿರುವುದನ್ನು ನೋಡಿದಾಗ ಅವಳಿಗೆ ಆ ಪದ ಚೆನ್ನಾಗಿ ಅರ್ಥವಾಯಿತು.

ಹೊರಡುವ ಮುನ್ನ ಡಾಕ್ಟರು ಪುರುಷೋತ್ತಮನನ್ನು ಬಾಗಿಲ ಬಳಿ ತಡೆದು, ಹೆಗಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಏನೋ ಕೇಳಿದರು. ಅವನು ಅದಕ್ಕೂ ತಲೆಯಾಡಿಸಿದ. ಅರ್ಥವಾಗಲು ಬೇಕಾದಷ್ಟು ಪದಗಳು ಜಲಜಾಕ್ಷಿಯ ಕಿವಿಗೆ ಬಿದ್ದಿದ್ದವು. ರೈಲು ನೇತ್ರಾವತಿಯ ಸೇತುವೆ ದಾಟುವವರೆಗೂ ಅವಳು ಕಾದಳು.

"ಡಾಕ್ಟರು ಕೊನೆಗೆ ಎಂತ ಕೇಳಿದ್ದು?"

"ಎಂತ ಇಲ್ಲ. ತೊಂದರೆ ಆದರೆ ಕೂಡಲೇ ತರಬೇಕಂತೆ."

"ತೊಂದರೆ ಆದರೆ ಅಲ್ಲ, ಸತ್ತರೆ. ಸತ್ತರೆ ಅವರಿಗೆ ಕೊಡಬೇಕಂತೆ. ಮಿದುಳು ತೆಗೆದು ಬಾಟ್ಲಿಯಲ್ಲಿ ಹಾಕಿ ಇಡ್ಲಿಕ್ಕೆ. ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದಂತೆ ಅವರು. ನೀವು ಆಗಬಹುದು ಅಂತ ಹೇಳಿದ್ದು."

ಪುರುಷೋತ್ತಮ ಹೊರಗಿನ ತೆಂಗಿನ ಮರಗಳನ್ನೇ ನೋಡುತ್ತ ಕುಳಿತ. ಅವನ ಕಿವಿಗಳು ಕೆಂಪಾಗಿದ್ದವು.

"ನನಗೆ ಅರ್ಥ ಆಗಲಿಲ್ಲ, ಜಲಜ."

"ಅರ್ಥ ಆಗದ್ದಕ್ಕೆ ತಲೆ ಆಡಿಸುವುದು ಎಂತಕ್ಕೆ?"

"ಅಭ್ಯಾಸ ಆಗಿದೆ," ಎಂದ ಅವನು.

ಸುಕುಮಾರ ಸಾಯಲಿಲ್ಲ. ಒಂದು ವರ್ಷ ತುಂಬುವ ಹೊತ್ತಿಗೆ ಅವನು ಮಾತು ಶುರುಮಾಡಿದ. ಕುಳಿತುಕೊಳ್ಳಲು ಬಾರದು, ತಲೆಯನ್ನು ಸ್ವಂತ ಬಲದಿಂದ ಎತ್ತಲು ಬಾರದು, ಮಾತು ಮಾತ್ರ ಮಲಗಿದಲ್ಲಿಂದಲೇ ಹರಿಯುತ್ತಿತ್ತು. ಹರಿಣಾಕ್ಷಿಯ ಹಾಗೆ "ಪಾಪ" ಎನ್ನುತ್ತಿದ್ದ, ಮೀನಿನವಳ ಹಾಗೆ ಕೂಗುತ್ತಿದ್ದ. ಜಲಜಾಕ್ಷಿ ಶಾಲೆಗೆ ಮರಳಿದಳು. ಹಗಲು ಹರಿಣಾಕ್ಷಿ ನೋಡಿಕೊಳ್ಳಬೇಕೆಂದು ಮಾತಾಗಿತ್ತು.

ಆಗ ನಾಯ್ಮಾರ್ಮೂಲೆಯ ವ್ಯಾಪಾರಿ ಮುದ್ದಣ್ಣ ಮಗಳ ಮದುವೆಗೆ ಬಟ್ಟೆ ಕೊಳ್ಳಲು ಬಂದ. ಕೈ ತೊಳೆಯಲು ಹಿತ್ತಿಲಿಗೆ ಹೋದವನು ತೆರೆದ ಬಾಗಿಲಿನಿಂದ ಮಗುವನ್ನು ಕಂಡು, ಈ ದೊಡ್ಡ ತಲೆ ಸಾಮಾನ್ಯದ್ದಲ್ಲ, ಸಾಕ್ಷಾತ್ ಗಣಪತಿ ಎಂದು ಅಡ್ಡಬಿದ್ದ. ಬೋವಿಕಾನದ ಕಡೆ ಅವನಿಗೊಂದು ಜಾಗದ ತಕರಾರಿತ್ತು. ಎದುರು ಕಕ್ಷಿಯ ಮುದುಕ ಹಾಸಿಗೆ ಹಿಡಿದು ತಿಂಗಳಾಗಿತ್ತು, ಮುಂದಿನ ವಾರ ತೀರಿಕೊಂಡ. ಮುದ್ದಣ್ಣ ಇದನ್ನು ಗಣಪತಿಯ ಲೆಕ್ಕಕ್ಕೆ ಬರೆದು ಊರೂರಿಗೆ ಸಾರಿದ.

ಕಿಟ್ಟಣ್ಣನಿಗೆ ಇದು ಮೊದಲೇ ಗೊತ್ತಿತ್ತಂತೆ. ನಾಗ ಹೇಳದೆ ಕೇಳದೆ ಮನೆಬಿಟ್ಟು ಹೋದ, ಗಣಪತಿ ಬಂದ. ತಾಯಿಯ ಕಡೆಯ ದೋಷವಾಗಿದ್ದ ಮಗು ತಂದೆಯ ಕಡೆಯ ಪುಣ್ಯವಾಯಿತು. ಒಳಕೋಣೆಯ ತೊಟ್ಟಿಲು ಜಗಲಿಗೆ ಬಂತು, ಅಂಗಡಿಯ ಕೆಂಪು ರೇಷ್ಮೆ ಅದರ ಮೇಲೆ ಹರಡಿತು. ಚೆರ್ಕಳ, ಉಪ್ಪಳ ಎಂದು ಎಲ್ಲೆಲ್ಲಿಂದಲೋ ಜನ ಬಾಳೆಗೊನೆ, ಬೆಲ್ಲ, ತೆಂಗಿನಕಾಯಿ ಹಿಡಿದು ಬಂದರು. ಬಂದವರು ಹೋಗುವಾಗ ಅಂಗಡಿಯನ್ನೂ ಹೊಕ್ಕು ಹೋಗುವ ಹಾಗೆ ಕಿಟ್ಟಣ್ಣ ದಾರಿ ಮಾಡಿದ್ದ. ಹರಿಣಾಕ್ಷಿ "ಪಾಪ"ವನ್ನು ಬಿಟ್ಟು "ಸ್ವಾಮಿ" ಎನ್ನತೊಡಗಿದಳು. ಮೊದಲು ಮಗುವಿನ ಬೆನ್ನನ್ನೇ ನೋಡುತ್ತಿದ್ದ ಅದೇ ಹೆಂಗಸರು ಈಗ ಅದರ ತಲೆಯನ್ನೇ ನೋಡಿದರು.

ಜಲಜಾಕ್ಷಿಗೆ ಇವರೆಲ್ಲರನ್ನೂ ಕಂಡರೆ ಮೈಯುರಿಯುತ್ತಿತ್ತು. ಆದರೂ ಕೆಲವು ತಿಂಗಳು ಅವಳು ಸುಮ್ಮನಿದ್ದಳು. ಅದಕ್ಕೆ ಕಾರಣ ಸುಕುಮಾರನೇ. ಒಳಕೋಣೆಯ ಅಕ್ಕಿಮುಡಿಗಳನ್ನು ನೋಡುತ್ತಿದ್ದ ಮಗುವಿಗೆ ಈಗ ಬೆಳಕಿತ್ತು, ಗಾಳಿಯಿತ್ತು, ಮಾತಾಡಿಸಲು ಜನರಿದ್ದರು. ಗಂಟೆ ಬಾರಿಸಿದರೆ ನಗುತ್ತಿದ್ದ. ಬಂದವರ ಹೆಸರು ಕೇಳುತ್ತಿದ್ದ. ಈ ಮೂರ್ಖರ ಜಾತ್ರೆಯಿಂದ ತನ್ನ ಮಗನಿಗೆ ಸುಖ ಸಿಗುತ್ತಿದೆ ಎಂಬುದನ್ನು ಒಪ್ಪಿಕೊಳ್ಳಲು ಅವಳಿಗೆ ಬಹಳ ಕಷ್ಟವಾಯಿತು.

ಆಮೇಲೆ ಹುಣ್ಣಾಯಿತು. ತಲೆ ಭಾರ, ಒಂದೇ ಮಗ್ಗುಲಲ್ಲಿ ಇಟ್ಟರೆ ಕೆಳಗಿನ ಚರ್ಮ ಕೊಳೆಯುತ್ತದೆ, ಆಗಾಗ ಹೊರಳಿಸಿ, ಒದ್ದೆ ಬಟ್ಟೆ ತೆಗೆಯಿರಿ ಎಂದು ಅವಳು ಶಾಲೆಗೆ ಹೋಗುವ ಮುನ್ನ ದಿನವೂ ಹೇಳಿ ಹೋಗುತ್ತಿದ್ದಳು. ಜನ ಕೈಮುಗಿದು ನಿಂತಿರುವಾಗ ದೇವರ ಬಟ್ಟೆ ಬಿಚ್ಚಲಿಕ್ಕೆ ಆಗುತ್ತದಾ ಎಂದು ಕಿಟ್ಟಣ್ಣ ಕೇಳಿದ. ಸಂಜೆ ಬಂದು ನೋಡಿದರೆ ರೇಷ್ಮೆಯ ಕೆಳಗೆ ಮಗು ನೆನೆದು ಮಲಗಿರುತ್ತಿತ್ತು. ಕಿವಿಯ ಹಿಂದೆ ಒಂದು, ಸೊಂಟದ ಗಂಟಿನ ಕೆಳಗೆ ಒಂದು ಹುಣ್ಣು ಎದ್ದು ಬಾಯಿಬಿಟ್ಟವು. ಕಿಟ್ಟಣ್ಣ ಗಂಧದ ಬತ್ತಿಗಳನ್ನು ಹೆಚ್ಚಿಸಿದ.

ಚೌತಿಯ ದಿನ ಅವನು ವಿಶೇಷ ಪೂಜೆ ಇಟ್ಟುಕೊಂಡಿದ್ದ. ಅಂಗಳ ತುಂಬ ಜನ. ಮುದ್ದಣ್ಣ ಮಗಳು-ಅಳಿಯನ ಸಮೇತ ಬಂದು ಮುಂದೆ ನಿಂತಿದ್ದ. ಆರತಿ ಎತ್ತುವ ಹೊತ್ತಿಗೆ ಜಲಜಾಕ್ಷಿ ಒಳಗಿನಿಂದ ಬಂದು ತೊಟ್ಟಿಲ ಬಳಿ ನಿಂತಳು. ತರಗತಿಯಲ್ಲಿ ಗಲಾಟೆ ಅಡಗಿಸುವ ದನಿಯಲ್ಲಿ ಹೇಳಿದಳು:

"ಎಲ್ಲರೂ ಮುಂದಿನಿಂದ ನೋಡಿ ಆಯಿತು. ಇನ್ನು ಹಿಂದಿನಿಂದ ನೋಡಿ."

ರೇಷ್ಮೆಯನ್ನು ಎಳೆದು ಹಾಕಿ, ಅಂಗೈಯಲ್ಲಿ ತಲೆಯನ್ನು ಹಿಡಿದು, ಮಗುವನ್ನು ಮೆಲ್ಲಗೆ ಮಗುಚಿದಳು. ಗಂಧದ ವಾಸನೆಯನ್ನು ಸೀಳಿಕೊಂಡು ಹುಣ್ಣಿನ ವಾಸನೆ ಅಂಗಳಕ್ಕೆ ಇಳಿಯಿತು.

"ಬಟ್ಟೆ ಬದಲಿಸಬೇಕು, ಹುಣ್ಣು ತೊಳೆಯಬೇಕು. ಇಷ್ಟು ಭಕ್ತರು ಇದ್ದೀರಿ. ಯಾರು ಬರ್ತೀರಿ?"

ಯಾರೂ ಬರಲಿಲ್ಲ. ಮುದ್ದಣ್ಣ ತನ್ನ ಕೊಡೆಯನ್ನು ಹುಡುಕತೊಡಗಿದ, ಅದು ಅವನ ಕಂಕುಳಲ್ಲೇ ಇತ್ತು. ಹೆಂಗಸರು ಸೆರಗನ್ನು ಮೂಗಿಗೆ ತಂದರು. ಹಿಂದೆ ನಿಂತವರು ಚಪ್ಪಲಿ ಮೆಟ್ಟಿಕೊಂಡರು. ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಜಲಜಾಕ್ಷಿ ನಿಂತಿದ್ದಳು. ಅವಳಿಗೆ ಅದರಲ್ಲಿ ಒಂದು ಕ್ರೂರ ತೃಪ್ತಿ ಸಿಕ್ಕಿತು. ಇವರು ಇಷ್ಟೇ ಎಂದು ತನಗೆ ಗೊತ್ತಿತ್ತು, ಇವರು ಇಷ್ಟೇ ಆಗಿದ್ದರು.

"ಒಳಗೆ ನಡೆ, ಹೆಂಗಸೇ," ಎಂದ ಕಿಟ್ಟಣ್ಣ. ಅವನ ಕೈಯ ಆರತಿ ತಟ್ಟೆ ವಾಲುತ್ತಿತ್ತು.

ಆಗ ಪುರುಷೋತ್ತಮ ಅಡುಗೆಮನೆಯ ಕಡೆಯಿಂದ ಬಂದ. ಒಂದು ಕೈಯಲ್ಲಿ ಬಿಸಿನೀರಿನ ಪಾತ್ರೆ, ಹೆಗಲ ಮೇಲೆ ಹಳೆಯ ಪಂಚೆಯ ಹರಕು. ಜನರ ನಡುವೆ ದಾರಿ ಮಾಡಿಕೊಂಡು ಬಂದು ತೊಟ್ಟಿಲ ಪಕ್ಕ ಮೊಣಕಾಲೂರಿದ. ಮೊದಲು ತಲೆಯ ಕೆಳಗೆ ಕೈಕೊಟ್ಟ, ಆಮೇಲೆ ಬೆನ್ನಿನ ಗಂಟಿಗೆ ತಾಗದಂತೆ ಸೊಂಟವನ್ನು ಎತ್ತಿದ. ನೀರಲ್ಲಿ ಅದ್ದಿದ ಬಟ್ಟೆಯನ್ನು ಹುಣ್ಣಿನ ಮೇಲೆ ಒರೆಸದೆ ಒತ್ತಿ ಒತ್ತಿ ತೆಗೆದ. ಜಲಜಾಕ್ಷಿ ಮಾಡುವ ಹಾಗೆಯೇ ಇತ್ತು ಅದು. ಬಾಗಿಲಲ್ಲಿ ನಿಂತು ದಿನವೂ ನೋಡಿ ಕಲಿತಿದ್ದನೆಂದು ಅವಳಿಗೆ ತಿಳಿಯಿತು.

"ಪುರುಷೋತ್ತಮ, ಅದನ್ನು ಬಿಟ್ಟು ಏಳು," ಎಂದ ಕಿಟ್ಟಣ್ಣ.

"ಇಲ್ಲ ಅಣ್ಣ," ಎಂದ ಪುರುಷೋತ್ತಮ. ತಿರುಗಿ ನೋಡಲೂ ಇಲ್ಲ.

ಜಲಜಾಕ್ಷಿ ಹರಕನ್ನು ಹಿಂಡಿ ಅವನ ಕೈಗೆ ಕೊಟ್ಟಳು. ಇಷ್ಟು ಬರುವವನಿಗೆ ಇಷ್ಟು ದಿನ ಬಾಗಿಲಲ್ಲಿ ನಿಲ್ಲುವುದು ಎಂತಕ್ಕೆ ಬೇಕಿತ್ತು ಎಂಬ ಸಿಟ್ಟೂ ಅವಳಿಗೆ ಬಂತು. ಅದನ್ನು ಅವಳು ಬಿಟ್ಟುಕೊಡಲಿಲ್ಲ, ಮುಂದೆ ಎಷ್ಟೋ ಸಲ ಅವನಿಗೆ ಹೇಳಿಯೂ ತೋರಿಸಿದಳು.

ಅದೇ ತಿಂಗಳು ಅವರು ಆ ಮನೆ ಬಿಟ್ಟರು. ಜಲಜಾಕ್ಷಿ ಕೇಳಿಕೊಂಡು ಬೋವಿಕಾನದ ಶಾಲೆಗೆ ವರ್ಗ ಮಾಡಿಸಿಕೊಂಡಳು. ಶಾಲೆಯ ಹಿಂದೆಯೇ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ಪುರುಷೋತ್ತಮ ನಾಯ್ಮಾರ್ಮೂಲೆಯಲ್ಲಿ ಒಂದು ಬಸ್ಸಿನ ಏಜೆಂಟನ ಬಳಿ ಟಿಕೇಟು ಕೊಡುವ ಕೆಲಸಕ್ಕೆ ಸೇರಿದ, ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದ. ಮಗುವನ್ನು ಅವಳು ಶಾಲೆಗೇ ಒಯ್ದು ತರಗತಿಯ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿಸುತ್ತಿದ್ದಳು, ಪಾಠದ ನಡುವೆ ಎದ್ದು ಹೊರಳಿಸುತ್ತಿದ್ದಳು. ಹುಣ್ಣುಗಳು ಒಣಗಿದವು.

ಸುಕುಮಾರನಿಗೆ ಎರಡೂವರೆ ವರ್ಷವಾದಾಗ ತಲೆ ಬೆಳೆಯುವುದು ನಿಂತಿತು. ತಾನಾಗಿಯೇ ನಿಂತಿತು. ಒಳಗೆ ನೀರಿಗೆ ಎಲ್ಲಿಯೋ ಒಂದು ಸಣ್ಣ ದಾರಿ ಸಿಕ್ಕಿರಬೇಕು, ಅದಕ್ಕಿಂತ ಹೆಚ್ಚೇನೂ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದವರು ಮಾತ್ರ ಯಾರೂ ಇರಲಿಲ್ಲ. ಡಾಕ್ಟರು ವೆಂಕಟಕೃಷ್ಣರು ಸುದ್ದಿ ತಿಳಿದು, ಮಗುವನ್ನು ತರಿಸಿ ಮತ್ತೊಮ್ಮೆ ಟೇಪಿನಿಂದ ಅಳೆದು, ತಮ್ಮ ನಿಗಾದಲ್ಲಿ ಚೇತರಿಸಿದ ಕೇಸು ಎಂದು ಯಾವುದೋ ಸಭೆಯಲ್ಲಿ ಓದಿದರಂತೆ. ಬಾಟ್ಲಿಯ ಮಾತನ್ನು ಅವರು ಎತ್ತಲಿಲ್ಲ. ಮನಸ್ಸೆಂಬುದು ಇಲ್ಲದ ಆ ಕೇಸು ಅವರ ಕನ್ನಡಕದ ಹೆಸರೇನು, ಅದನ್ನು ರಾತ್ರಿ ಎಲ್ಲಿ ಮಲಗಿಸುತ್ತೀರಿ ಎಂದು ಅವರನ್ನೇ ಕೇಳಿತು. ಅತ್ತ ಮೊಗ್ರಾಲಿನಲ್ಲಿ ಕಿಟ್ಟಣ್ಣ, ಚೌತಿಯ ಪೂಜೆಯ ಫಲ ಕೊಂಚ ತಡವಾಗಿ ಸಿಕ್ಕಿತು ಎಂದು ಹೇಳಿಕೊಂಡು ತಿರುಗುತ್ತಿದ್ದನೆಂದು ಬಸ್ಸಿನವರಿಂದ ತಿಳಿಯಿತು.

ಜಲಜಾಕ್ಷಿಗೆ ಅವರಿಬ್ಬರ ಮೇಲಿದ್ದ ತಾತ್ಸಾರದಲ್ಲಿ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆ ತಾತ್ಸಾರವೇ ಅವಳನ್ನು ಇಲ್ಲಿಯವರೆಗೆ ನಡೆಸಿತ್ತು. ಅದು ಕೆಲಸಕ್ಕೆ ಬಾರದೆ ಹೋದದ್ದು ಬೇರೊಂದು ಕಡೆ. ಲೆಕ್ಕ ಬಾರದ ಮಕ್ಕಳನ್ನು ಅವಳು ಎಂದೂ ಸಹಿಸಿದವಳಲ್ಲ. ಸೋಮಾರಿ, ಕೊಬ್ಬು ಎಂದು ಬೆಂಚಿನ ಮೇಲೆ ನಿಲ್ಲಿಸಿಬಿಡುತ್ತಿದ್ದಳು. ಈಗ ಆರು ದಾಟಿದ ಸುಕುಮಾರನಿಗೆ ಮಾತು ಕಾಲುವೆಯಂತೆ ಹರಿಯುತ್ತಿತ್ತು, ಕೇಳಿದ ಕತೆಯನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದ. ಕಳೆಯುವ ಲೆಕ್ಕ ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅವಳು ಹುಣಿಸೆ ಬೀಜ ಹರಡಿ ಕಲಿಸಲು ಕೂರುತ್ತಿದ್ದಳು. ಅವನು ಒಂದೊಂದು ಬೀಜಕ್ಕೂ ಹೆಸರಿಟ್ಟು ಊರು ಕೊಟ್ಟು ನೆಂಟಸ್ತಿಕೆ ಬೆಳೆಸುತ್ತಿದ್ದ.

"ನಾಲ್ಕು ಬೀಜ ಹೋಯಿತು. ಉಳಿದದ್ದು ಎಷ್ಟು?"

"ಉಳಿದವರಿಗೆ ಬೇಸರ ಆಗಿದೆ ಅಮ್ಮ."

ಅವಳ ಕೈ ಮೇಲೆದ್ದು ಅಲ್ಲೇ ನಿಂತಿತು. ಸೋಮಾರಿ ಎಂಬ ಮಾತು ಬಾಯಿಗೆ ಬಂದದ್ದನ್ನು ಅವಳು ನುಂಗಿದಳು. ಆ ವರ್ಷ ಅವಳ ತರಗತಿಯಲ್ಲಿ ಬೆಂಚಿನ ಮೇಲೆ ನಿಂತವರು ಕಡಿಮೆ.

ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಒಂದು ಭಾನುವಾರ, ಕಿಟ್ಟಣ್ಣ ಬೋವಿಕಾನಕ್ಕೆ ಬಂದಿಳಿದ. ಅಂಗಡಿ ಇಳಿಮುಖವಾಗಿತ್ತು. ಮೊಗ್ರಾಲಿಗೆ ಮರಳಿ ಬನ್ನಿ, ಜನ ಈಗಲೂ ಕೇಳುತ್ತಾರೆ, ಮಗುವನ್ನು ಒಳ್ಳೆಯ ಪೀಠ ಮಾಡಿಸಿ ಕೂರಿಸುವ ಎನ್ನಲು ಬಂದವನೆಂದು ಜಲಜಾಕ್ಷಿಗೆ ಅವನ ಕೈಯ ಹಣ್ಣಿನ ಪೊಟ್ಟಣ ನೋಡಿದ ಕೂಡಲೇ ತಿಳಿಯಿತು. ಅವಳು ಒಳಗೆ ಹೋದಳು. ಪುರುಷೋತ್ತಮ ಮಣೆ ಹಾಕಿ ಅಣ್ಣನನ್ನು ಮಗನ ಚಾಪೆಯ ಪಕ್ಕ ಕೂರಿಸಿದ.

ಕಿಟ್ಟಣ್ಣ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಸುಕುಮಾರ ಶುರುಮಾಡಿದ್ದ. ದೊಡ್ಡಪ್ಪ ಯಾವ ಬಸ್ಸಿಗೆ ಬಂದದ್ದು, ಕಂಡಕ್ಟರಿಗೆ ಮೀಸೆ ಇತ್ತೇ, ಆ ಕಂಡಕ್ಟರನ ತಂಗಿಯ ಮದುವೆಗೆ ಮಳೆ ಬಂದದ್ದು ದೊಡ್ಡಪ್ಪನಿಗೆ ಗೊತ್ತೇ, ಎಂದು ಒಂದಕ್ಕೊಂದು ಹೆಣೆಯುತ್ತ ಹೋದ. ಕಿಟ್ಟಣ್ಣ ಬಾಯಿ ತೆರೆದಾಗಲೆಲ್ಲ ಇನ್ನೊಂದು ಕತೆ ಬಂತು. ಏಳಲು ಹೊರಟರೆ ಪುಟ್ಟ ಕೈ ಅವನ ಪಂಚೆಯ ಅಂಚನ್ನು ಹಿಡಿದುಕೊಂಡಿತ್ತು. ಊಟವಾಯಿತು, ಬಿಸಿಲು ಇಳಿಯಿತು, ಕಿಟ್ಟಣ್ಣನಿಗೆ ಬಂದ ವಿಷಯ ಎತ್ತಲು ತೆರಪು ಸಿಗಲಿಲ್ಲ. ಅಡುಗೆಮನೆಯಲ್ಲಿ ಜಲಜಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಕೊನೆಗೆ ಬಸ್ಸಿನ ಹಾರನ್ನು ಕೇಳಿದ್ದೇ ಅವನು ಪಂಚೆಯನ್ನು ಬಿಡಿಸಿಕೊಂಡು ಎದ್ದ. ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿ ಹುಡುಗನ ಮುಖವನ್ನು ನೋಡಿದ. ತಲೆಯನ್ನಲ್ಲ, ಮುಖವನ್ನು. ಆಮೇಲೆ ಬೇಗ ಬೇಗ ಬಸ್ಸಿನ ಕಡೆ ನಡೆದ.

ಜಲಜಾಕ್ಷಿ ಬಂದು ಚಾಪೆಯ ಬಳಿ ಕುಳಿತಳು.

"ದೊಡ್ಡಪ್ಪ ಮುಂದಿನ ಭಾನುವಾರವೂ ಬರ್ತಾರಾ?" ಎಂದ ಸುಕುಮಾರ.

"ಬರುವುದಿಲ್ಲ."

"ಹಾಗಾದರೆ ನಾವೇ ಹೋಗುವ. ಅವರಿಗೆ ಹೇಳಿ ಮುಗಿದಿಲ್ಲ."

ಅವಳಿಗೆ ಹೇಳಲು ಬೇಕಾದಷ್ಟು ಇತ್ತು. ಅವನ ತಲೆಯ ಕೆಳಗೆ ಕೈಕೊಟ್ಟು, ಇನ್ನೊಂದು ಮಗ್ಗುಲಿಗೆ ಹೊರಳಿಸಿ, ಹೊದಿಕೆ ಸರಿಮಾಡಿದಳು.